ನುಂಗುವವರ ದಂಡು

ಒಂದು ರಾಜ್ಯವಿತ್ತು. ಅದರ ಹೆಸರು ಈಗ ಯಾರಿಗೂ ಬೇಡವಾಗಿದೆ, ಹಾಗಾಗಿ ನಾನೂ ಹೇಳುವುದಿಲ್ಲ. ನಟ್ಟನಡುವೆ ಒಂದು ಹೊಳೆ ಹರಿಯುತ್ತಿತ್ತು. ಹೊಳೆಯ ಕೆಳಗಿನ ಸೀಮೆಯಲ್ಲಿ ರಾಗಿ ಬೆಳೆಯುತ್ತಿತ್ತು, ಮೇಲಿನ ಸೀಮೆಯಲ್ಲಿ ಜೋಳ. ಕೆಳಸೀಮೆಯವರು ಮುದ್ದೆಯ ತುತ್ತನ್ನು ಸಾರಿನಲ್ಲಿ ಹೊರಳಿಸಿ ಹಲ್ಲಿಗೆ ತಾಕಿಸದೆ ನುಂಗುತ್ತಿದ್ದರು. ಮೇಲ್ಸೀಮೆಯವರು ರೊಟ್ಟಿ ಮುರಿದು ಸಾವಕಾಶವಾಗಿ ಅಗಿಯುತ್ತಿದ್ದರು. ಇದೂ ಮಾತಿನ ಧಾಟಿಯೂ ಬಿಟ್ಟರೆ ಎರಡು ಸೀಮೆಗಳ ವ್ಯತ್ಯಾಸವನ್ನು ದೀಪ ಹಿಡಿದು ಹುಡುಕಬೇಕಿತ್ತು. ದೇವರು ಅವೇ, ಬೈಗುಳ ಅವೇ, ಹೆಣ್ಣು ಕೊಟ್ಟು ತರುವುದೂ ಇತ್ತು. ಮದುವೆಯ ಪಂಕ್ತಿಯಲ್ಲಿ ಇವರು ಅವರನ್ನು ‘ಜೋಳ ತಿಂದವನು ತೋಳ’ ಎಂದು ಕೆಣಕುವರು, ಅವರು ಇವರನ್ನು ‘ಹಾವಿನ ಹಾಗೆ ನುಂಗುವ ಜನ’ ಎಂದು ನಗುವರು. ನಕ್ಕಾದ ಮೇಲೆ ಎರಡೂ ಕಡೆಯವರು ಒಂದೇ ತಟ್ಟೆಯಿಂದ ಎಲೆ ಅಡಿಕೆ ತೆಗೆದುಕೊಳ್ಳುವರು.

ರಾಜ ಸತ್ತ. ಅವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯನು ಮೇಲ್ಸೀಮೆಯ ಕೋಟೆಯಲ್ಲಿ ಕೂತು ರಾಜ್ಯವೆಲ್ಲ ತನ್ನದೆಂದ. ಕಿರಿಯನು ಕೆಳಸೀಮೆಯ ಅರಮನೆಯಲ್ಲಿ ಕೂತು ಅದನ್ನೇ ಹೇಳಿದ. ಒಂದು ತಿಂಗಳೊಳಗೆ ಮದುವೆಯ ಪಂಕ್ತಿಯ ಕುಚೋದ್ಯವನ್ನು ಡಂಗುರದವರು ಬೀದಿಬೀದಿಯಲ್ಲಿ ಸಾರತೊಡಗಿದರು. ಈ ಸಲ ಯಾರೂ ನಗಲಿಲ್ಲ.

ಕಿರಿಯನ ದಂಡು ಹೊಳೆ ದಾಟಿತು. ಮುನ್ನೂರು ಜನ, ಹತ್ತಾರು ಗಾಡಿ, ಮುಂದೆ ಕುದುರೆಯ ಮೇಲೆ ದಂಡನಾಯಕ. ಈ ದಂಡನಾಯಕ ಹಗ್ಗವನ್ನು ಕಂಡರೆ ಹಾವೆಂದು ಹೆದರುವವನಲ್ಲ. ಹಗ್ಗವನ್ನು ಅಲ್ಲಿ ಹಾಕಿದವರು ಯಾರು, ಯಾಕೆ ಹಾಕಿದರು ಎಂದು ವಿಚಾರಿಸುವವನು. ಅವನಿಗೆ ಹೊಳೆಯಾಚೆ ಒಂದು ಕಷ್ಟ ಎದುರಾಯಿತು. ಯಾವ ಊರಿಗೆ ಹೋದರೂ ಜನ ಕೈಮುಗಿದು, “ನಾವು ನಿಮ್ಮವರೇ” ಎನ್ನುತ್ತಿದ್ದರು. ಮುಖ ಒಂದೇ ಥರ, ಪಂಚೆ ಒಂದೇ ಥರ. ನಾಲ್ಕು ದಿನ ಶತ್ರುವಿನ ನಾಡಿನಲ್ಲಿ ನಡೆದರೂ ಒಬ್ಬ ಶತ್ರುವೂ ಸಿಗಲಿಲ್ಲ. ಅವನ ನಿದ್ದೆ ಕೆಟ್ಟದ್ದು ಅದಕ್ಕೇ.

ಐದನೆಯ ದಿನ ಕಂಬಳಿ ಮಾರುವವನೊಬ್ಬನನ್ನು ಹಿಡಿದು ತಂದರು. ತಾನು ಕೆಳಸೀಮೆಯವನು, ವ್ಯಾಪಾರಕ್ಕೆ ಬಂದು ಸಿಕ್ಕಿಕೊಂಡೆ ಎಂದು ಅವನು ಅತ್ತ. ಮಾತೂ ಕೆಳಸೀಮೆಯದೇ. ಹಸಿದಿದ್ದಾನೆಂದು ಯಾರೋ ಒಂದು ಮುದ್ದೆ ಕೊಟ್ಟರು. ಅವನು ತುತ್ತು ಬಾಯಿಗಿಟ್ಟ, ಅವನ ದವಡೆ ಆಡಿತು. ದಂಡನಾಯಕನ ಕಣ್ಣು ಅಲ್ಲಿ ನಿಂತಿತು.

“ನಾಲಿಗೆ ಯಾರ ಮಾತನ್ನಾದರೂ ಕಲಿಯುತ್ತೆ,” ಎಂದ ದಂಡನಾಯಕ, “ಗಂಟಲು ಕಲಿಯಲ್ಲ.”

ಕಂಬಳಿಯವನ ತಲೆ ಹೋಯಿತು. ಅಂದಿನಿಂದ ಅದೇ ಕಾನೂನಾಯಿತು. ಮಧ್ಯಾಹ್ನ ದಂಡು ತಂಗಿದಲ್ಲಿ ಒಂದು ಚಪ್ಪಟೆ ಬಂಡೆ ಹುಡುಕುವುದು, ಹಿಡಿದವರನ್ನು ಅದರ ಮೇಲೆ ಕೂರಿಸಿ ಮುದ್ದೆ ಬಡಿಸುವುದು. ನುಂಗಿದವನು ನಮ್ಮವನು, ಅಗಿದವನು ಶತ್ರು. ನುಂಗುವುದು ಹೇಗೆಂದು ತೋರಿಸಲು ಮೊದಲಿಗೆ ದಂಡನಾಯಕನೇ ನಿಂಬೆಹಣ್ಣಿನ ಗಾತ್ರದ ಒಂದು ಪುಟ್ಟ ಮುದ್ದೆಯನ್ನು ಎಲ್ಲರೆದುರು ಒಂದೇ ಸಲಕ್ಕೆ ನುಂಗುತ್ತಿದ್ದ. ಸೈನಿಕರು ಜಯಕಾರ ಹಾಕುತ್ತಿದ್ದರು. ಸುಳ್ಳುಗಾರರನ್ನು ಹಿಡಿಯುವ ಉಪಾಯ ಸಿಕ್ಕ ಮೇಲೆ ದಂಡಿಗೆ ಸುಳ್ಳುಗಾರರ ಕೊರತೆಯಾಗಲಿಲ್ಲ.

ಆ ಮುದ್ದೆಗಳನ್ನು ಮಾಡುತ್ತಿದ್ದವಳು ಮಾಳಕ್ಕ. ಅವಳ ಗಂಡ ದಂಡಿನ ಹಿರಿಯ ಬಾಣಸಿಗನಾಗಿದ್ದ. ಹೊಳೆ ದಾಟುವಾಗ ಪ್ರವಾಹಕ್ಕೆ ಸಿಕ್ಕಿ ಹೋದ. ಉಳಿದವರಿಗೆ ಸೌದೆ ಒಡೆಯಲು, ನೀರು ಹೊರಲು ಬರುತ್ತಿತ್ತೇ ಹೊರತು ಹಿಟ್ಟು ತೊಳಸಲು ಬರುತ್ತಿರಲಿಲ್ಲ. ಮಾಳಕ್ಕ ಅಳುವುದನ್ನು ಮುಂದಕ್ಕೆ ಹಾಕಿ, ಗಡಿಗೆಯನ್ನು ಕವೆಗೋಲಿನಲ್ಲಿ ಅದುಮಿ ಹಿಡಿದು, ಹಿಟ್ಟಿನ ಕೋಲು ಕೈಗೆತ್ತಿಕೊಂಡಳು. ಅವಳ ಮುದ್ದೆಯಲ್ಲಿ ಒಂದೇ ಒಂದು ಗಂಟು ಇರುತ್ತಿರಲಿಲ್ಲ. ಬೆಣ್ಣೆಯ ಹಾಗೆ ಜಾರುತ್ತಿತ್ತು.

ಇಡೀ ದಂಡಿಗೆ ತಿಳಿಯದ ಒಂದು ವಿಷಯ ನಿಮಗೆ ತಿಳಿದಿರಲಿ. ಮಾಳಕ್ಕ ಹುಟ್ಟಿದ್ದು ಮೇಲ್ಸೀಮೆಯಲ್ಲಿ. ಇಪ್ಪತ್ತು ವರ್ಷದ ಹಿಂದೆ ಹೊಳೆ ದಾಟಿ ಸೊಸೆಯಾಗಿ ಬಂದವಳು. ಮಾಡುವುದನ್ನು ಕಲಿತಳು, ನುಂಗುವುದು ಮಾತ್ರ ಅವಳಿಗೆ ಕಡೆಗೂ ಬರಲಿಲ್ಲ. ತುತ್ತು ಗಂಟಲಿಗೆ ಹೋಗುವ ಮೊದಲೇ ಹಲ್ಲು ಕಚ್ಚಿಬಿಡುತ್ತಿತ್ತು. ಅತ್ತೆ ಗದರಿ, ಬೈದು, ಕಡೆಗೆ ಸೋತು ಹೇಳಿದ್ದಳು: “ನುಂಗಕ್ಕೆ ಬರ್ದಿದ್ರೆ ಒಲೆ ಹಿಂದ್ಕೆ ಕೂತ್ಕಂಡು ತಿನ್ನು, ಯಾರೂ ನೋಡದಂಗೆ. ಆದ್ರೆ ಹಿಟ್ಟಲ್ಲಿ ಒಂದ್ ಗಂಟು ಕಂಡ್ರೂ ತವರಿಗೆ ಅಟ್ಬುಡ್ತೀನಿ.” ಅಡುಗೆಯವಳು ಎಲ್ಲರದ್ದೂ ಆದ ಮೇಲೆ ಉಣ್ಣುವುದು ವಾಡಿಕೆ. ಅವಳು ಉಂಡಳೋ ಇಲ್ಲವೋ ಎಂದು ನೋಡುವ ವಾಡಿಕೆ ಎರಡು ಸೀಮೆಯಲ್ಲೂ ಇರಲಿಲ್ಲ. ಹಾಗಾಗಿ ಮುನ್ನೂರು ಜನರ ನಡುವೆ ಆ ಒಂದು ದವಡೆ ಕ್ಷೇಮವಾಗಿತ್ತು.

ಒಂಬತ್ತನೆಯ ದಿನ ಒಬ್ಬ ದನಗಾಹಿಯನ್ನು ಬಂಡೆಯ ಮೇಲೆ ಕೂರಿಸಿದರು. ಅವನು ಎರಡು ಮುದ್ದೆ ಸರಾಗವಾಗಿ ನುಂಗಿ, ಮೂರನೆಯದನ್ನು ಕೇಳಿ ಹಾಕಿಸಿಕೊಂಡ. ದಂಡನಾಯಕ ಬೆನ್ನು ತಟ್ಟಿ ಕಳಿಸಿದ. ಮರುದಿನ ಬೆಳಗಿನ ಜಾವ ಹುಲ್ಲಿನ ಗಾಡಿಗಳಿಗೆ ಬೆಂಕಿ ಬಿತ್ತು. ಕೊಳ್ಳಿ ಹಿಡಿದು ಓಡಿದವನು ಅದೇ ದನಗಾಹಿ ಎಂದು ಕಾವಲಿನವರು ಕಂಡರು. ಅವನ ತಾಯಿ ಕೆಳಸೀಮೆಯವಳಂತೆ. ಅವನು ಹುಟ್ಟಿದಾಗಿನಿಂದ ಎರಡೂ ಬಲ್ಲವನು.

ಕಾನೂನು ಸುಳ್ಳಾಯಿತೆಂದು ಬೇರೆ ಯಾರಾದರೂ ಅಂದುಕೊಳ್ಳುತ್ತಿದ್ದರು. ದಂಡನಾಯಕ ಹಾಗೆ ಅಂದುಕೊಳ್ಳಲಿಲ್ಲ. “ಪರೀಕ್ಷೆ ತಪ್ಪಲು ಸಾಧ್ಯವಿಲ್ಲ,” ಎಂದ. “ಅವನಿಗೆ ನುಂಗಲು ಕಲಿಸಿಕೊಟ್ಟವನು ನಮ್ಮಲ್ಲೇ ಇದ್ದಾನೆ.”

ಅಂದಿನಿಂದ ದಂಡಿನವರೆಲ್ಲ ಪರೀಕ್ಷೆಯಲ್ಲೇ ಉಣ್ಣಬೇಕಾಯಿತು. ಸಾಲಾಗಿ ಕೂರುವುದು, ಸಾಲಿನ ಮುಂದೆ ದಳಪತಿ ನಡೆಯುವುದು, ದವಡೆಗಳನ್ನು ನೋಡುವುದು. ಈ ದಳಪತಿ ದಂಡನಾಯಕನ ಬಲಗೈ. ತಾನೇ ದಂಡನಾಯಕ ಆಗಬೇಕಿತ್ತೆಂದು ದಿನವೂ ನೆನೆಸಿಕೊಳ್ಳುವ ಬಲಗೈ. ಉಣ್ಣುವವರು ಪಕ್ಕದವನ ದವಡೆಯನ್ನೇ ನೋಡುತ್ತ ಉಣ್ಣತೊಡಗಿದರು. ಹಿಂದಿನ ದಿನ ಒಂದೇ ಕಂಬಳಿಯಲ್ಲಿ ಮಲಗಿದ್ದವರು, “ಇವನು ಒಮ್ಮೆ ಕಚ್ಚಿದಂಗಾಯ್ತು ಬುದ್ದಿ,” ಎಂದು ಕೈ ಎತ್ತಿದರು. ಎಲೆ ಅಡಿಕೆ ಹಾಕಿಕೊಳ್ಳುವುದನ್ನೇ ಬಿಟ್ಟವರಿದ್ದರು. ಅಗಿಯುವ ಬಾಯನ್ನು ಯಾರಾದರೂ ನೋಡಿದರೆ?

ಸಣ್ಣೀರ ಎಂಬ ಸೈನಿಕನಿಗೆ ಗಂಟಲು ಬಾತಿತ್ತು. ನುಂಗಲಾಗದೆ ಎರಡು ಸಲ ಅಗಿದ. ಅವನು ದಂಡನಾಯಕನ ಊರಿನವನೇ, ಅವನ ತಂದೆ ತಾಯಿಯನ್ನು ದಂಡನಾಯಕ ಬಲ್ಲ. “ಊರವನ ವೇಷ ಹಾಕಿಕೊಂಡು ಬರುವುದೇ ಶತ್ರುವಿನ ಲಕ್ಷಣ,” ಎಂದು ದಂಡನಾಯಕ ಅವನನ್ನೂ ಕಂಬಳಿಯವನ ದಾರಿಗೆ ಕಳಿಸಿಬಿಟ್ಟ. ಅಂದು ಮಾಳಕ್ಕ ಒಲೆಯ ಹಿಂದೆ ಕೂತು ಏನನ್ನೂ ತಿನ್ನಲಿಲ್ಲ. ಹಿಂದಿನ ರಾತ್ರಿ ಸಣ್ಣೀರ ಬಂದು, “ಅಕ್ಕ, ನಂದೊಂಚೂರು ತೆಳ್ಳಗೆ ಮಾಡಕ್ಕ,” ಎಂದು ಕೇಳಿದ್ದ. ಅವಳು ಮಾಡಿಯೂ ಇದ್ದಳು, ಆದರೆ ಬಡಿಸುವ ಗಡಿಬಿಡಿಯಲ್ಲಿ ಅದು ಬೇರೆ ಯಾರ ತಟ್ಟೆಗೋ ಬಿತ್ತು.

ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಬಾಯಿಹುಣ್ಣಿನವರು, ಹಲ್ಲು ನೋವಿನವರು, ಬರೀ ಹೆದರಿದವರು. “ಅಕ್ಕ, ನಾಳೆ ನನ್ನ ನೆನಪಿಟ್ಕಳಕ್ಕ.” ಮುದ್ದೆ ಗಟ್ಟಿಯಾದರೆ ಎಂಥ ಕೆಳಸೀಮೆಯವನೂ ಅಗಿಯುತ್ತಾನೆ, ಮೆತ್ತಗಾದರೆ ಗಂಟಲು ಬಾತವನೂ ನುಂಗುತ್ತಾನೆ. ಪರೀಕ್ಷೆ ಗಂಟಲಿನದಲ್ಲ, ತನ್ನ ತೋಳಿನದು ಎಂದು ಮಾಳಕ್ಕನಿಗೆ ಗೊತ್ತಾಯಿತು. ಗೊತ್ತಾಗಿ ಭಯವಾಯಿತು.

ದಳಪತಿಗೂ ಗೊತ್ತಾಗಿತ್ತು. ಅವನು ಒಂದು ಸಂಜೆ ಒಲೆಯ ಹತ್ತಿರ ಬಂದು ಕೈ ಕಾಯಿಸಿಕೊಂಡ.

“ನಾಳೆ ಕುದುರೆ ದಳದ ನಾಯಕನ ಮುದ್ದೇಲಿ ಒಂದು ಗಂಟು ಬಿಡು.”

“ಆಗಕ್ಕಿಲ್ಲ ಬುದ್ದಿ. ಗಂಟು ಬಿಟ್ರೆ ನಮ್ಮತ್ತೆ ಸತ್ತಲ್ಲಿಂದ ಎದ್ದು ಬತ್ತಾಳೆ.”

“ಯೋಚನೆ ಮಾಡು,” ಎಂದ ದಳಪತಿ, ಏಳುತ್ತ. “ಇಷ್ಟು ದಿನವಾಯ್ತು, ನೀನು ಉಣ್ಣೋದನ್ನ ನಾನು ನೋಡೇ ಇಲ್ಲ.”

ಹದಿನಾಲ್ಕನೆಯ ದಿನ ದಂಡು ಒಂದು ದಿಬ್ಬ ಹತ್ತಿತು. ಕೆಳಗೆ ಬಿಳಿಗೋಡೆಯ ಊರು, ಊರ ಮುಂದೆ ಮೂರು ಬೇವಿನ ಮರ. ಮಾಳಕ್ಕ ಗಾಡಿಯ ಮೇಲೆ ಕೂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಅದು ಅವಳ ತವರು. ಇಪ್ಪತ್ತು ವರ್ಷದಲ್ಲಿ ಅವಳು ಅಲ್ಲಿಗೆ ಎರಡೇ ಸಲ ಹೋಗಿದ್ದಳು.

ಊರಿನ ಹನ್ನೆರಡು ಗಂಡಸರನ್ನು ಹಿಡಿದು ತಂದರು. ನಾಲ್ಕನೆಯವನು ಅವಳ ಅಣ್ಣ ದ್ಯಾಮಣ್ಣ. ಅವನು ತಂಗಿಯನ್ನು ನೋಡಿದ, ಗುರುತು ಹಿಡಿದ, ತಟ್ಟನೆ ಮುಖ ತಿರುಗಿಸಿ ಬೇವಿನ ಮರ ನೋಡತೊಡಗಿದ. ತಾನು ಅಣ್ಣನೆಂಬುದೇ ಅವಳ ಕುತ್ತಿಗೆಗೆ ಉರುಳಾಗುತ್ತದೆಂದು ಅವನು ಆ ಒಂದು ಗಳಿಗೆಯಲ್ಲಿ ತಿಳಿದುಕೊಂಡಿದ್ದ.

ನಾಳೆ ಮಧ್ಯಾಹ್ನ ಪರೀಕ್ಷೆ ಎಂದು ಸಾರಿದರು. ಮಾಳಕ್ಕ ನೀರಿನ ಕೊಡ ಹೊತ್ತು ಕೈದಿಗಳ ಹತ್ತಿರ ಹೋದಳು. ಒಬ್ಬೊಬ್ಬರಿಗೇ ನೀರು ಹೊಯ್ಯುತ್ತ ಬಂದು, ಅಣ್ಣನ ಬೊಗಸೆಗೆ ಹೊಯ್ಯುವಾಗ ತಲೆಯೆತ್ತದೆ ಹೇಳಿದಳು:

“ಅಣ್ಣಾ, ಮೆತ್ತಗ ಮಾಡ್ತೀನಿ. ಕಣ್ಣು ಮುಚ್ಚಿ ನುಂಗಿಬಿಡು.”

ಎಷ್ಟೋ ವರ್ಷದ ಮೇಲೆ ಅವಳ ಬಾಯಲ್ಲಿ ತವರಿನ ಮಾತು ಬಂತು. ದ್ಯಾಮಣ್ಣ ನೀರು ಕುಡಿದು ಮೀಸೆ ಒರೆಸಿಕೊಂಡ.

“ನಿನ್ನ ಮದವ್ಯಾಗ ನಿಮ್ಮ ಮಾವ ನುಂಗಂದಾಗನ ನುಂಗಲಿಲ್ಲ. ದೇವರು ಹಲ್ಲು ಕೊಟ್ಟಾನ, ಅವನ ಮರ್ಯಾದಿ ನಾ ಕಳ್ಯಾಂಗಿಲ್ಲ.”

“ಜೀವ ಹೋಗ್ತೈತಿ.”

“ಹೋದ್ರ ಹೋಗ್ಲಿ ತಂಗಿ. ಮನಸ್ಸು ಮಾಡಿದ್ರೂ ಈ ಗಂಟಲಕ್ಕ ಅದು ಬರೂದಿಲ್ಲ. ನಿನಗರ ಬಂತೇನು?”

ಮಾಳಕ್ಕ ಉಳಿದವರಿಗೂ ನೀರು ಹೊಯ್ದಳು. ಖಾಲಿ ಕೊಡ ಹೊತ್ತು ಹಿಂತಿರುಗಿದಳು. ಅಣ್ಣನ ಮುದ್ದೆಯನ್ನು ಎಷ್ಟು ಮೆತ್ತಗೆ ಮಾಡಿದರೂ ಅವನು ಅಗಿಯುತ್ತಾನೆ. ಅವನ ಸಾವನ್ನು ತಾನೇ ಬಡಿಸಬೇಕು.

ಮರುದಿನ ಮಾಳಕ್ಕ ಇಪ್ಪತ್ತು ವರ್ಷ ಮಾಡದ ಕೆಲಸ ಮಾಡಿದಳು. ದಂಡನಾಯಕನ ನಿಂಬೆಹಣ್ಣಿನ ಗಾತ್ರದ ಮುದ್ದೆಯನ್ನು ಕಟ್ಟುವಾಗ ಅದರ ಹೊಟ್ಟೆಯಲ್ಲಿ ಎರಡು ಚಿಟಿಕೆ ಒಣಹಿಟ್ಟು ಅದುಮಿಟ್ಟು, ಮೇಲೆ ನೀರು ಸವರಿ ನುಣ್ಣಗೆ ಮಾಡಿದಳು. ಕಣ್ಣಿಗೆ ಅದು ಎಂದಿನ ಮುದ್ದೆಯೇ. ಕಾನೂನು ಮಾಡಿದವನೇ ಅಗಿದರೆ ಕಾನೂನು ಎಲ್ಲಿ ಉಳಿಯುತ್ತದೆ? ದಂಡನಾಯಕನ ಭಯ ಹೆಚ್ಚೋ ಅತ್ತೆಯ ಭಯ ಹೆಚ್ಚೋ ಎಂದು ಅವಳಿಗೇ ತಿಳಿಯಲಿಲ್ಲ.

ಹನ್ನೆರಡು ಜನ ಬಂಡೆಯ ಮೇಲೆ ಕೂತರು. ಸೈನಿಕರು ಸುತ್ತ ನಿಂತರು. ದಂಡನಾಯಕ ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ, ಎಲ್ಲರಿಗೂ ತೋರಿಸಿ, ಬಾಯಿಗೆ ಹಾಕಿ ಕತ್ತು ಮೇಲೆತ್ತಿದ. ಅರ್ಧ ದಾರಿಯಲ್ಲಿ ಮುದ್ದೆ ಒಡೆಯಿತು. ಒಣಹಿಟ್ಟು ಗಂಟಲಲ್ಲಿ ಹರಡಿತು. ಅವನ ಕಣ್ಣು ದೊಡ್ಡವಾದವು. ತುತ್ತನ್ನು ಬಾಯಿಗೆ ತಂದುಕೊಂಡು ನಾಲ್ಕು ಸಲ ಅಗಿದಿದ್ದರೆ ಸಾಕಿತ್ತು, ಬದುಕಿಬಿಡುತ್ತಿದ್ದ. ಆದರೆ ಆರುನೂರು ಕಣ್ಣು ಅವನ ದವಡೆಯ ಮೇಲಿದ್ದವು. ಆ ಕಣ್ಣುಗಳಿಗೆ ದವಡೆ ನೋಡಲು ಕಲಿಸಿದವನು ಅವನೇ. ದಂಡನಾಯಕ ಬಾಯಿ ಬಿಗಿಹಿಡಿದು, ನುಂಗಲು ನೋಡುತ್ತಲೇ, ನಿಂತಲ್ಲಿಂದ ಕುಸಿದು ಪ್ರಾಣ ಬಿಟ್ಟ. ಅವನು ಮಾಡಿದ ಕಾನೂನಿಗೆ ಅಷ್ಟು ನಿಷ್ಠೆ ತೋರಿಸಿದವನು ಇನ್ನೊಬ್ಬನಿಲ್ಲ.

ದಳಪತಿ ಹೆಣದ ಬಾಯಿ ತೆರೆದು ನೋಡಿದ. ಆಮೇಲೆ ಮಾಳಕ್ಕನ ಬೆರಳುಗಳಿಗೆ ಅಂಟಿದ್ದ ಒಣಹಿಟ್ಟು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಅರ್ಥವಾದಾಗ ಅವನಿಗೆ ಕೋಪ ಬರಲಿಲ್ಲ, ಬಾಯಿ ಒಣಗಿತು. ನಾಳೆಯಿಂದ ದಂಡನಾಯಕ ತಾನು. ಆ ಪುಟ್ಟ ಮುದ್ದೆಯೂ ತನ್ನದು.

ಅವನು ಬಂಡೆ ಹತ್ತಿದ.

“ಇಲ್ಲಿಯವರೆಗೆ ನಾವು ಮೋಸ ಹೋದೆವು. ಅಗಿಯುವವನು ತಿಂದದ್ದನ್ನು ಎಲ್ಲರಿಗೂ ತೋರಿಸಿ ತಿನ್ನುತ್ತಾನೆ. ನುಂಗುವವನು ಏನನ್ನೋ ಮುಚ್ಚಿಡುತ್ತಾನೆ. ಇನ್ನು ಮೇಲೆ ಅಗಿದವನು ನಮ್ಮವನು, ನುಂಗಿದವನು ಶತ್ರು.”

ಹೇಳಿ, ತಾನೇ ಒಂದು ತುತ್ತನ್ನು ಬೆರಳಲ್ಲಿ ಮುರಿದು ನೋಡಿ, ಅದೂ ಸಾಲದೆಂಬಂತೆ ಬಾಯಿಗಿಟ್ಟು ಅಗಿದು ಅಗಿದು ತಿಂದ. ಹಿಟ್ಟು ಹಲ್ಲಿಗೆ ಅಂಟಿ ಅವನ ಮುಖ ಸೊಟ್ಟಗಾಯಿತು.

ದ್ಯಾಮಣ್ಣನೂ ಅವನ ಊರಿನವರೂ ಎಂದಿನ ಹಾಗೆ ಅಗಿದರು. “ಇವರು ನಮ್ಮವರು,” ಎಂದು ಹೊಸ ದಂಡನಾಯಕ ಅವರ ಕೈಗೆ ಭರ್ಜಿ ಕೊಡಿಸಿದ. ಆಮೇಲೆ ತನ್ನ ಸೈನಿಕರನ್ನು ಕೂರಿಸಿದ. ಪಾಪ, ಅವರು ಅಗಿಯಲು ನೋಡಿದರು. ಹುಟ್ಟಿದಾಗಿನಿಂದ ಜಾರಿದ ದಾರಿ, ಹಲ್ಲು ಕೂಡುವ ಮೊದಲೇ ತುತ್ತು ಇಳಿದುಹೋಗುತ್ತಿತ್ತು. ಮೊದಲ ದಿನವೇ ಎಪ್ಪತ್ತು ಜನ ಸಿಕ್ಕಿಬಿದ್ದರು. ಅವರನ್ನು ಬೇವಿನ ಮರಗಳಿಗೆ ಕಟ್ಟಿಹಾಕಿ, ಕಾವಲಿಗೆ ದ್ಯಾಮಣ್ಣನ ಊರಿನವರನ್ನು ನಿಲ್ಲಿಸಿದರು. ಶತ್ರುವಿನ ನಾಡು ಗೆಲ್ಲಲು ಬಂದ ದಂಡನ್ನು ಶತ್ರುವಿನ ನಾಡಿನವರು ಭರ್ಜಿ ಹಿಡಿದು ಕಾಯುತ್ತಿದ್ದರು. ಎಲ್ಲವೂ ಕಾನೂನಿನ ಪ್ರಕಾರವೇ ನಡೆದಿತ್ತು.

ಅಣ್ಣ ಉಳಿದ. ಮಾಳಕ್ಕನಿಗೆ ಸಮಾಧಾನವಾಗಬೇಕಿತ್ತು. ಆದರೆ ಮರಕ್ಕೆ ಕಟ್ಟಿದವರು ಅವಳನ್ನು ಅಕ್ಕ ಎಂದು ಕರೆದವರು. ಬಾಯಿಹುಣ್ಣಿನವನು ಇದ್ದ, ಹಲ್ಲು ನೋವಿನವನು ಇದ್ದ. ನಾಳೆ ಅವರ ತಲೆ ಹೋಗುತ್ತದೆ, ಇನ್ನೆಪ್ಪತ್ತು ಜನ ಆ ಜಾಗಕ್ಕೆ ಬರುತ್ತಾರೆ. ಆ ಹಿಟ್ಟನ್ನೂ ತಾನೇ ತೊಳಸಬೇಕು.

ಆಗ ಹೊಸ ದಂಡನಾಯಕ ಕರೆದ. “ಮಾಳಕ್ಕ, ಇವತ್ತು ನೀನೂ ಬಂದು ಕೂತ್ಕೊ. ನೋಡೇಬಿಡೋಣ.”

ಮಾಳಕ್ಕ ಕೈ ತೊಳೆದು ಬಂಡೆಯ ಮೇಲೆ ಕೂತಳು. ಮದುವೆಯಾದ ಮೇಲೆ ಅವಳು ನಾಲ್ಕು ಜನರೆದುರು ಉಣ್ಣಲು ಕೂತದ್ದು ಅದೇ ಮೊದಲು. ಭರ್ಜಿ ಹಿಡಿದು ಪಕ್ಕದಲ್ಲಿ ನಿಂತ ದ್ಯಾಮಣ್ಣ ಮೆಲ್ಲಗೆ, “ಅಗದ ತಿನ್ನು ಮಾಳವ್ವ, ಇನ್ನೇನು ಅಂಜಿಕಿ ಇಲ್ಲ,” ಎಂದ. ಅದು ನಿಜವೇ ಆಗಿತ್ತು. ಇಪ್ಪತ್ತು ವರ್ಷ ಬಚ್ಚಿಟ್ಟ ಹಲ್ಲೇ ಈಗ ಅವಳನ್ನು ಕಾಯುತ್ತಿತ್ತು.

ಅವಳು ತುತ್ತು ಮುರಿದು ಸಾರಿನಲ್ಲಿ ಹೊರಳಿಸಿದಳು. ಬಾಯಿಗಿಟ್ಟಳು. ಹಲ್ಲಿಗೆ ಹಲ್ಲು ತಾಕದಂತೆ ದವಡೆಯನ್ನು ಬಿಗಿಹಿಡಿದು, ಕಣ್ಣು ಮುಚ್ಚಿ ನುಂಗಿದಳು. ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು, ತುತ್ತು ಇಳಿಯಿತು. ಅತ್ತೆ ಇದ್ದಿದ್ದರೆ ಹಿರಿಹಿರಿ ಹಿಗ್ಗುತ್ತಿದ್ದಳು.

“ಗೊತ್ತಿತ್ತು ನನಗೆ!” ಎಂದು ಹೊಸ ದಂಡನಾಯಕ ತೊಡೆ ತಟ್ಟಿದ. ಅವನು ಕೆಳಸೀಮೆಯಲ್ಲಿ ಹುಟ್ಟಿ ಬೆಳೆದವನು, ಕೆಳಸೀಮೆಯ ದಂಡಿನ ನಾಯಕ. ಅವನು ಕೂಗಿದ್ದು ಇದನ್ನು: “ಇವಳು ಕೆಳಸೀಮೆಯವಳು! ಕಟ್ಟಿಹಾಕಿ!”

ಹಗ್ಗ ಕೊಟ್ಟದ್ದು ದ್ಯಾಮಣ್ಣನ ಕೈಗೆ. ಅವನು ತಂಗಿಯನ್ನು ಮರದ ಹತ್ತಿರ ಕರೆದೊಯ್ದ.

“ಹುಚ್ಚಿ, ಯಾಕ ಹಿಂಗ ಮಾಡಿದಿ?”

“ತೊಳಸೋರಿಲ್ಲದಿದ್ರ ನಾಳೆ ತಿನ್ನಸೋದೇನು, ಅಣ್ಣಾ?” ಎಂದಳು ಮಾಳಕ್ಕ, ಅರ್ಧ ಆ ಸೀಮೆಯ ಮಾತು, ಅರ್ಧ ಈ ಸೀಮೆಯದು. “ಹಿಟ್ಟಿಲ್ಲ ಅಂದ್ರ ಪರೀಕ್ಷೇನೂ ಇಲ್ಲ.”

ಮರುದಿನ ಒಲೆ ಉರಿಯಲಿಲ್ಲ. ಹೊಸ ದಂಡನಾಯಕ ಬೆಳಗಿನಿಂದ ಅಡುಗೆಯವನನ್ನು ಹುಡುಕಿದ. ಮೂವರು ಮುಂದೆ ಬಂದರು. ಮುಂದೆ ಬಂದದ್ದೇ ಅವನಿಗೆ ಅನುಮಾನ. ಇಷ್ಟು ಆಸೆಯಿಂದ ತನ್ನ ಗಡಿಗೆಗೆ ಕೈ ಹಾಕಲು ಬರುವವನು ಯಾರ ಕಡೆಯವನು? ಮೂವರನ್ನೂ ಅಟ್ಟಿದ. ಬಲವಂತಕ್ಕೆ ಎಳೆದು ತಂದವನನ್ನು, ಹಿಂಜರಿದನೆಂದು ಅಟ್ಟಿದ. ಮುದ್ದೆಯಿಲ್ಲದೆ ಯಾರು ಶತ್ರುವೆಂದು ಗೊತ್ತಾಗುವಂತಿಲ್ಲ, ಶತ್ರು ಯಾರೆಂದು ಗೊತ್ತಾಗದೆ ಮುದ್ದೆಯನ್ನು ಯಾರ ಕೈಯಲ್ಲಿ ಮಾಡಿಸುವುದು? ಅವನು ಡೇರೆಯೊಳಗೆ ಹೋಗಿ ಪರದೆ ಎಳೆದುಕೊಂಡು ಯೋಚಿಸುತ್ತ ಕೂತ.

ಅವನು ಯೋಚಿಸುತ್ತಿದ್ದಾಗ ದ್ಯಾಮಣ್ಣ ಹಗ್ಗಗಳನ್ನು ಬಿಚ್ಚಿದ. ಯಾರೂ ಯಾರಿಗೂ ಆಜ್ಞೆ ಕೊಡಲಿಲ್ಲ. ಕಟ್ಟಿಸಿಕೊಂಡಿದ್ದವರು ಕೈ ಉಜ್ಜಿಕೊಂಡು ಹೊಳೆಯ ಕಡೆಗೆ ನಡೆದರು. ಕಟ್ಟಿಸಿಕೊಳ್ಳದೆ ಉಳಿದವರು ನಾಳೆ ನಮ್ಮ ಸರದಿ ಎಂದು ಅವರ ಹಿಂದೆಯೇ ಹೋದರು. ಊರಿನವರು ಭರ್ಜಿಗಳನ್ನು ಬೇಲಿಗೆ ಒರಗಿಸಿ ದನ ಬಿಡಲು ಹೋದರು.

ಮಾಳಕ್ಕ ಹಿಟ್ಟಿನ ಕೋಲನ್ನು ಹೆಗಲಿಗೆ ಹಾಕಿಕೊಂಡು ಅಣ್ಣನ ಮನೆಗೆ ನಡೆದಳು. ಅತ್ತಿಗೆ ರೊಟ್ಟಿ ಬಡಿದು ಹಾಕಿದಳು. ಮಾಳಕ್ಕ ಒಲೆಯ ಮುಂದೆ ಕೂತು, ಎಲ್ಲರೂ ನೋಡುತ್ತಿದ್ದಂತೆ, ಕಟಕಟ ಸದ್ದು ಬರುವ ಹಾಗೆ ನಾಲ್ಕು ರೊಟ್ಟಿ ಅಗಿದು ತಿಂದಳು. ಆಮೇಲೆ ಗಂಡನನ್ನು ನೆನೆದು, ಮುಂದಕ್ಕೆ ಹಾಕಿದ್ದ ಅಳುವನ್ನು ಅತ್ತು ಮುಗಿಸಿದಳು.

ಹೊತ್ತು ನೆತ್ತಿಗೆ ಬಂದಾಗ ಹೊಸ ದಂಡನಾಯಕ ಪರದೆ ಸರಿಸಿದ. ಬಯಲು ಖಾಲಿ. ಇಡೀ ದಂಡಿನಲ್ಲಿ ಉಳಿದವನು ತಾನೊಬ್ಬ. ಒಬ್ಬನೇ ಉಳಿದ ಮೇಲಾದರೂ ಅನುಮಾನಕ್ಕೆ ಜಾಗವಿಲ್ಲ ಎಂದು ನೀವು ತಿಳಿಯಬಹುದು. ಅವನು ಹಾಗೆ ತಿಳಿಯಲಿಲ್ಲ. ಒಲೆ ಹಚ್ಚಿದ. ನೀರಿಟ್ಟ. ಹಿಟ್ಟು ಸುರಿದು, ಕೋಲಿಲ್ಲದ್ದರಿಂದ ಭರ್ಜಿಯ ಹಿಡಿಯಲ್ಲೇ ತೊಳಸಿದ. ತುಂಬ ಗಂಟಾದವು. ಅದರಲ್ಲೇ ಒಂದು ಮುದ್ದೆ ಕಟ್ಟಿಕೊಂಡು ಬಂಡೆಯ ಮೇಲೆ ಹೋಗಿ ಕೂತ, ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳಲು.

ತುತ್ತನ್ನು ಬಾಯಿಗಿಟ್ಟ. ಇಟ್ಟ ಮೇಲೆ, ಅಗಿಯಬೇಕೋ ನುಂಗಬೇಕೋ ಅವನಿಗೆ ಹೊಳೆಯಲಿಲ್ಲ.

ಸಂಜೆ ದನ ಹೊಡೆದುಕೊಂಡು ಆ ದಾರಿಯಲ್ಲಿ ಬಂದವರು, ಬಂಡೆಯ ಮೇಲೆ ಒಬ್ಬ ಮನುಷ್ಯ ಒಂದು ಕೆನ್ನೆ ಉಬ್ಬಿಸಿಕೊಂಡು ಅಲ್ಲಾಡದೆ ಕೂತಿರುವುದನ್ನು ನೋಡಿದರು. ಯಾವ ಸೀಮೆಯವನೆಂದು ಮಾತಾಡಿಸಿದರು. ಬಾಯಿ ತುಂಬಿದ್ದರಿಂದ ಅವನು ಉತ್ತರ ಕೊಡಲಿಲ್ಲ.